ಮೊದಲ ಒಂದು ಗಂಟೆ

ಆಗಸ್ಟ್ 5, ಸೋಮವಾರ

ನನ್ನ ಬಾಯಿಗೆ ಬೀಗ ಬಿದ್ದಿದೆ. ಬೀಗ ಹಾಕಿದವರು ಗಂಟಲಿನ ಡಾಕ್ಟರು, ಕೀಲಿಕೈ ಇರುವುದು ಹೆಂಡತಿ ಶಶಿರೇಖಳ ಹತ್ತಿರ. ಧ್ವನಿತಂತುಗಳ ಮೇಲೆ ಎರಡು ಗಂಟುಗಳು ಎದ್ದಿವೆಯಂತೆ. ಕ್ಯಾಮೆರಾ ಬಿಟ್ಟು ನನಗೇ ತೋರಿಸಿದರು. ರಾಗಿ ಕಾಳಿನಷ್ಟು ಇವೆ, ಅಷ್ಟೇ. ಅಷ್ಟಕ್ಕೆ ಒಂದೂವರೆ ತಿಂಗಳು ಒಂದಕ್ಷರ ಆಡಬಾರದಂತೆ. ಪಿಸುಗುಟ್ಟುವುದು ಇನ್ನೂ ಕೆಟ್ಟದ್ದಂತೆ. ಕರಗಿದರೆ ಸರಿ, ಇಲ್ಲದಿದ್ದರೆ ಆಪರೇಷನ್. ಆಮೇಲೆ ಪಾಠ ಮಾಡುವಷ್ಟು ಗಂಟಲು ಉಳಿಯುತ್ತದೆಯೇ ಎಂದು ಈಗಲೇ ಹೇಳಲಾರೆ ಎಂದರು.

"ದಿನಕ್ಕೆ ಎಷ್ಟು ಮಾತಾಡ್ತೀರಿ?" ಎಂದು ಡಾಕ್ಟರು ಕೇಳಿದ್ದಕ್ಕೆ ನಾನು ವಿವರವಾಗಿಯೇ ಉತ್ತರಿಸಲು ಹೊರಟೆ. ಕಾಲೇಜಿನ ವೇಳಾಪಟ್ಟಿ, ರೈಲು, ಸಂಘ ಸಂಸ್ಥೆಗಳ ಸಭೆ, ಇವನ್ನೆಲ್ಲ ಹೇಳಬೇಕಲ್ಲ. ಶಶಿರೇಖ ನಡುವೆ ಬಾಯಿ ಹಾಕಿ, "ಡಾಕ್ಟ್ರೇ, ಇಷ್ಟು" ಎಂದಳು. ಅವರಿಬ್ಬರೂ ನಕ್ಕರು. ಇಪ್ಪತ್ತಾರು ವರ್ಷ ಬಂಗಾರಪೇಟೆಯ ಕಾಲೇಜಿನಲ್ಲಿ ಸಾರ್ವಜನಿಕ ಆಡಳಿತ ಬೋಧಿಸಿದವನ ಮುಂದೆ ನಗು. ಅದಕ್ಕೇ ಈ ದಿನಚರಿ. ಆಡದೆ ಉಳಿದ ಮಾತು ಎಲ್ಲಾದರೂ ಇಳಿಯಬೇಕು.

ಗಂಟಲು ಪೂರ್ತಿ ಕೂತದ್ದು ಮೊನ್ನೆ ಶನಿವಾರ, ಶ್ರೀರಾಮಪ್ಪನ ಜೊತೆ ಫೋನಿನಲ್ಲಿ. ಕಾಮಸಮುದ್ರದ ಕಡೆಯ ಹಳ್ಳಿಯವರು, ಹಸು ಕಟ್ಟಿಕೊಂಡು ಬೇಸಾಯ ಮಾಡುವವರು. ಅವರ ಮಗಳು ಕವಿತ ನನ್ನ ಕೊನೆಯ ವರ್ಷದ ಬಿ.ಎ. ವಿದ್ಯಾರ್ಥಿನಿ. ಇಷ್ಟು ವರ್ಷಗಳಲ್ಲಿ ಇಂಥ ತಲೆ ನನ್ನ ತರಗತಿಗೆ ಬಂದದ್ದು ಇದೇ ಮೊದಲು. ಎಂ.ಎ. ಮಾಡಿಸಬೇಕು, ದೊಡ್ಡ ಪರೀಕ್ಷೆಗಳಿಗೆ ಕೂರಿಸಬೇಕು ಎಂದೆಲ್ಲ ನಾನು ಲೆಕ್ಕ ಹಾಕಿದ್ದೆ. ಎರಡು ವಾರದಿಂದ ಅವಳ ಬೆಂಚು ಖಾಲಿ. ಆಷಾಢ ಮುಗಿಯುತ್ತ ಬಂತು, ಶ್ರಾವಣಕ್ಕೆ ಮುಹೂರ್ತ ಇಟ್ಟಿರುತ್ತಾರೆ, ಅಷ್ಟೂ ತಿಳಿಯದ ದಡ್ಡನೇ ನಾನು? ಫೋನ್ ಮಾಡಿ ಜಾಡಿಸಿದೆ. ಅವರು "ಅಲ್ಲ ಸಾರ್, ಅದು..." ಎಂದರು. "ಅದೂ ಇಲ್ಲ ಇದೂ ಇಲ್ಲ, ಮಗಳ ಓದಿಗೆ ಕಲ್ಲು ಹಾಕುವವನು ಅಪ್ಪನೇ ಅಲ್ಲ" ಎಂದೆ. ಆ ಕಡೆಯಿಂದ ಫೋನ್ ಕಟ್ ಆಯಿತು, ಈ ಕಡೆ ನನ್ನ ಧ್ವನಿ ಕಟ್ ಆಯಿತು.

ಹೇಳಿದ್ದಕ್ಕೆ ನನಗೆ ಬೇಸರವಿಲ್ಲ. ಯಾರಾದರೂ ಹೇಳಲೇಬೇಕಿತ್ತು. ಸೆಪ್ಟೆಂಬರಿನೊಳಗೆ ತರಗತಿಗೆ ಬರಲು ಶುರು ಮಾಡದಿದ್ದರೆ ಅವಳಿಗೆ ಹಾಜರಿ ಸಾಲುವುದಿಲ್ಲ, ಪರೀಕ್ಷೆಗೆ ಕೂರಿಸುವುದಿಲ್ಲ. ಹುಡುಗಿ ಕೈತಪ್ಪುತ್ತಾಳೆ.

ಆಗಸ್ಟ್ 6, ಮಂಗಳವಾರ

ರಜೆ ಉಳಿದಿಲ್ಲ, ಹಾಗಾಗಿ ಕಾಲೇಜಿಗೆ ಹೋಗಲೇಬೇಕು. ಬೋರ್ಡಿನ ಮೇಲೆ ಬರೆದು ಪಾಠ ಮಾಡಿ ಎಂದಿದ್ದಾರೆ ಪ್ರಿನ್ಸಿಪಾಲರು. ಮಿಕ್ಕ ವ್ಯವಹಾರಕ್ಕೆ ಶಶಿರೇಖ ಒಂದು ಸ್ಲೇಟು ತಂದಳು. ಒಂದನೇ ತರಗತಿಯ ಮಕ್ಕಳದು, ಅಂಚಿನಲ್ಲಿ ಮಣಿಗಳಿವೆ. ಎಂಟು ಪದ ಬರೆದರೆ ತುಂಬಿಹೋಗುತ್ತದೆ. ನನ್ನ ಒಂದು ವಾಕ್ಯ ಎಂಟು ಪದಕ್ಕೆ ಎಂದಾದರೂ ಮುಗಿದದ್ದುಂಟೇ?

ಉರಿಗಾಂನಲ್ಲಿ ರೈಲು ಹತ್ತಿದೆ. ಆರುಮುಗಂ ಮಾರಿಕುಪ್ಪಂನಲ್ಲೇ ಹತ್ತಿ ಟವೆಲ್ ಹಾಸಿ ನನಗೆ ಸೀಟು ಹಿಡಿದಿಡುವುದು ಎಷ್ಟೋ ವರ್ಷದ ರೂಢಿ. ಬಂಗಾರಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾರೆ. "ಎನ್ನ ಸಾರ್, ಇವತ್ತು ಪೇಚ್ಚೇ ಇಲ್ಲ?" ಎಂದು, ಮಾತೇ ಇಲ್ಲವಲ್ಲ ಎಂದು, ತಮ್ಮ ತಮಿಳುಗನ್ನಡದಲ್ಲಿ ಕೇಳಿದರು. ಸ್ಲೇಟು ತೋರಿಸಿದೆ. ಓದಿ, ನನ್ನ ಮೊಣಕಾಲು ತಟ್ಟಿ, "ಕವಲೆ ಬೇಡ ಸಾರ್. ಇಷ್ಟು ವರ್ಷ ನೀವು ಮಾತಾಡಿದ್ರಿ, ಇನ್ನ ನಾನು ಮಾತಾಡ್ತೀನಿ" ಎಂದರು. ಬಂಗಾರಪೇಟೆಯವರೆಗೂ ಮಾತಾಡಿದರು. ಕಾಜಾ ಹೊಲಿಯುವುದರ ಬಗ್ಗೆ ಒಬ್ಬ ಮನುಷ್ಯ ಅಷ್ಟು ಹೊತ್ತು ಮಾತಾಡಬಹುದೆಂದು ನನಗೆ ಗೊತ್ತಿರಲಿಲ್ಲ. ತಲೆ ನೋಯುತ್ತಿದೆ.

ಆಗಸ್ಟ್ 9, ಶುಕ್ರವಾರ

ಮನೆಯಲ್ಲಿ ಮಾಡಲು ಕೆಲಸವಿಲ್ಲದೆ ಲಿಗಾಯಾ ದುಮ್ಲಾವೊ ಬಗೆಗಿನ ಇಂಗ್ಲಿಷ್ ಪುಸ್ತಕ ತೆಗೆದಿದ್ದೇನೆ. ನಮ್ಮೂರಿನ ಚಿನ್ನದ ಗಣಿ ಮುಚ್ಚಿದ ವರ್ಷ ಬೆಂಗಳೂರಿನ ಫುಟ್‌ಪಾತಿನಲ್ಲಿ ಸಿಕ್ಕಿದ್ದು. ಅವರ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಬರೆಯುತ್ತೇನೆಂದು ಅಂದಿನಿಂದ ಎಲ್ಲರಿಗೂ ಹೇಳುತ್ತಲೇ ಬಂದಿದ್ದೇನೆ. ಹೇಳುವುದರಲ್ಲೇ ಕಾಲ ಕಳೆಯಿತು, ಬರೆದದ್ದು ಏನೂ ಇಲ್ಲ. ಈಗ ಶುರು ಮಾಡುತ್ತೇನೆ.

ಫಿಲಿಪೀನ್ಸಿನ ಗುಡ್ಡಗಾಡಿನ ಒಂದು ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿದವರು ಅವರು. ಅಪ್ಪ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸಗಾರ. ಮಗಳು ಮನಿಲಾದಲ್ಲಿ ಓದಿ, ಆಡಳಿತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ, ಕೊನೆಗೆ ತಮ್ಮದೇ ಪ್ರಾಂತದ ಆಡಳಿತಾಧಿಕಾರಿಯಾಗಿ ಬಂದರು. ಬರುವ ಹೊತ್ತಿಗೆ ಗಣಿ ಮುಚ್ಚಿತ್ತು. ಗುಡ್ಡದ ಹಾಗೆ ಬಿದ್ದ ಗಣಿಮಣ್ಣು, ಗಾಳಿ ಬೀಸಿದರೆ ಮನೆಯೊಳಗೆ ಬರುವ ಧೂಳು, ಕೆಲಸವಿಲ್ಲದ ಗಂಡಸರು. ಓದುವಾಗ ಕಿಟಕಿಯಿಂದ ನಮ್ಮ ಗಣಿಮಣ್ಣಿನ ಸೈನೈಡ್ ದಿಬ್ಬ ಕಾಣುತ್ತಿತ್ತು. ಬೇರೆ ದೇಶ ಎನ್ನಿಸಲಿಲ್ಲ.

ಅವರ ಹೆಸರಾಂತ ನಿಯಮ ಒಂದಿದೆ. ಯಾವುದೇ ಸಾರ್ವಜನಿಕ ಸಭೆಯ ಮೊದಲ ಒಂದು ಗಂಟೆ ಅಧಿಕಾರಿ ಬಾಯಿ ಬಿಡಬಾರದು. ಸ್ವಾಗತವಿಲ್ಲ, ಪ್ರಸ್ತಾವನೆಯಿಲ್ಲ. ಜನ ಮಾತಾಡದಿದ್ದರೆ ಆ ಗಂಟೆ ಹಾಗೇ ಕಳೆಯಬೇಕು. ಈ ನಿಯಮದ ಮೇಲೆ ನಾನು ವರ್ಷವರ್ಷವೂ ಅಮೋಘವಾಗಿ ಪಾಠ ಮಾಡಿದ್ದೇನೆ. ಒಮ್ಮೆ ಎರಡು ಗಂಟೆ ಮಾಡಿದ್ದೆ.

ಆಗಸ್ಟ್ 12, ಸೋಮವಾರ

ಕವಿತಳಿಗೆ ಮೊಬೈಲಿನಲ್ಲಿ ಸಂದೇಶ ಕಳಿಸಿದೆ. ಸ್ತ್ರೀಶಿಕ್ಷಣದ ಮಹತ್ವ, ಅವಳ ಪ್ರತಿಭೆ, ಲಿಗಾಯಾ ದುಮ್ಲಾವೊ ಹೇಗೆ ಗಣಿಯ ಲೈನ್ ಬಿಟ್ಟು ಹಿಂದೆ ತಿರುಗಿ ನೋಡದೆ ಓದಿದರು, ಎಲ್ಲವನ್ನೂ ಬರೆದೆ. ಆರು ಕಂತುಗಳಾದವು. ಓದಿದ್ದಾಳೆ ಎಂದು ನೀಲಿ ಗುರುತು ಬಂತು. ಉತ್ತರವಾಗಿ ಕೈ ಮುಗಿದ ಚಿತ್ರ ಒಂದು ಬಂತು, ಅಷ್ಟೇ.

ಆಗಸ್ಟ್ 15, ಗುರುವಾರ

ಪ್ರತಿವರ್ಷ ಧ್ವಜಾರೋಹಣದ ಭಾಷಣ ನನ್ನದೇ. ಈ ವರ್ಷ ಇರಲಿಲ್ಲ. ಇಡ್ಲಿ ಬಿಸಿಯಾಗಿಯೇ ಸಿಕ್ಕಿತು ಎಂದು ಹುಡುಗರು ಮಾತಾಡಿಕೊಂಡದ್ದು ಕಿವಿಗೆ ಬಿತ್ತು.

ಬಹಳ ಬೇಜಾರಾಯಿತು. ಬರೆಯಲು ಮನಸ್ಸಿಲ್ಲ.

ಆಗಸ್ಟ್ 20, ಮಂಗಳವಾರ

ತರಗತಿಯಲ್ಲಿ ಬೋರ್ಡಿನ ತುಂಬ ಬರೆದು ಬರೆದು ಭುಜ ಹಿಡಿದುಕೊಂಡಿದೆ. ಇವತ್ತು ಒಂದೇ ಪ್ರಶ್ನೆ ಬರೆದು ಕೂತೆ: ಸರ್ಕಾರಿ ಕಚೇರಿಗೆ ಕೊನೆಯ ಸಲ ಹೋದದ್ದು ಯಾವಾಗ, ಏನಾಯಿತು? ಹಿಂದಿನ ಬೆಂಚಿನ ಬಾಲಾಜಿ ರೇಷನ್ ಕಾರ್ಡಿಗೆ ಅಜ್ಜಿಯ ಬೆರಳಚ್ಚು ಹತ್ತದೇ ಇದ್ದ ಕಥೆ ಹೇಳಿದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಗದ್ದಲವೋ ಗದ್ದಲ. ನಿಯಂತ್ರಿಸಲು ಧ್ವನಿ ಇಲ್ಲವಲ್ಲ ಎಂದು ಕೈಕೈ ಹಿಸುಕಿಕೊಂಡೆ. ಪಠ್ಯ ಒಂದು ಪುಟವೂ ಮುಂದೆ ಹೋಗಲಿಲ್ಲ.

ಸ್ಟಾಫ್ ರೂಮಿನಲ್ಲಿ ಅರ್ಥಶಾಸ್ತ್ರದ ಅರ್ಚನ ಮೇಡಂ ಎದುರು ಕೂತು ಊಟ ಮಾಡುತ್ತಿದ್ದರು. ಪಕ್ಕದ ಮೇಜಿನವರೇ, ಮೂರು ವರ್ಷದಿಂದ. ಎರಡನೇ ವರ್ಷದವರಿಗೆ ಅವರ ಪಾಠ ದಿನದ ಕೊನೆಯ ಪೀರಿಯಡ್ಡು, ಅದು ಮುಗಿಸಿ ಬೆಂಗಳೂರಿನ ರೈಲು ಹಿಡಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಎರಡನೇ ತರಗತಿ ಓದುವ ಮಗಳಿದ್ದಾಳಂತೆ. "ಬೆಳಗಿನ ಮೊದಲ ಪೀರಿಯಡ್ ಯಾರಾದ್ರೂ ಬಿಟ್ಟುಕೊಟ್ರೆ ಸಾಕು ಸರ್. ಹೋದ ವರ್ಷ ನಿಮ್ಮ ಹತ್ರ ಕೇಳೋಣ ಅಂತ ಎರಡು ಮೂರು ಸಲ ಬಂದೆ" ಎಂದರು. ಮತ್ತೆ ಯಾಕೆ ಕೇಳಲಿಲ್ಲ ಎಂದು ಸ್ಲೇಟಿನ ಮೇಲೆ ಬರೆದೆ. ಅವರು ನಕ್ಕು, ಡಬ್ಬಿ ಮುಚ್ಚಿ, ಕೈ ತೊಳೆಯಲು ಹೋದರು.

ಆಗಸ್ಟ್ 23, ಶುಕ್ರವಾರ

ಪುಸ್ತಕದ ಎರಡನೇ ಅಧ್ಯಾಯದಲ್ಲಿ ಒಂದು ವಿಷಯ ನೋಡಿದೆ. ಲಿಗಾಯಾ ಹಿಂದೆ ತಿರುಗಿ ನೋಡದೆ ಓದಿದರು ಎಂದೇ ನಾನು ಹೇಳುತ್ತ ಬಂದದ್ದು. ಹಾಗಲ್ಲ. ಪದವಿ ಮುಗಿಯುವವರೆಗೂ ಗಣಿಯ ಕಂಪನಿ ಅಂಗಡಿಯಲ್ಲಿ ಹಗಲು ಅಕ್ಕಿ ತೂಗುವ ಕೆಲಸ ಮಾಡುತ್ತಿದ್ದರಂತೆ, ಕಾಲೇಜು ಸಂಜೆ; ಮನಿಲಾಗೆ ಹೋದದ್ದು ಆಮೇಲೆ. ಅಲ್ಲಿನ ಪಾದ್ರಿಯೊಬ್ಬರು ಇವರಂಥವರಿಗಾಗಿಯೇ ಸಂಜೆ ತರಗತಿ ತೆರೆದಿದ್ದರು. ಆ ಪುಟದಲ್ಲಿ ನನ್ನದೇ ಪೆನ್ಸಿಲ್ ಗುರುತಿದೆ. ಓದಿಯೂ ಮರೆತಿದ್ದೆ ಎಂದಾಯಿತು.

ನಾಡಿದ್ದು ಭಾನುವಾರ ಕವಿತಳ ಊರಿಗೇ ಹೋಗುವುದೆಂದು ತೀರ್ಮಾನಿಸಿದ್ದೇನೆ. ಶ್ರೀರಾಮಪ್ಪನಿಗೆ ಕೊಡಲು ನಾಲ್ಕು ಪುಟದ ಮನವಿ ಬರೆದೆ. ಅವತ್ತು ಶಶಿರೇಖಳ ಫ್ಯಾಕ್ಟರಿ ಕೆಲಸಕ್ಕೂ ರಜೆ, ಅವಳೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಾಳೆ. ಮಾತಾಡಬೇಕಾದದ್ದನ್ನು ನೀನು ಮಾತಾಡು ಎಂದು ಬರೆದು ತೋರಿಸಿದೆ. "ಸ್ಕೂಟರು ಓಡಿಸ್ತೀನಿ. ನಾನೇನು ನಿಮ್ಮ ಮೈಕ್ ಅಲ್ಲ" ಎಂದಳು.

ಆಗಸ್ಟ್ 25, ಭಾನುವಾರ

ಎಲ್ಲಿಂದ ಶುರು ಮಾಡಲಿ?

ಬೆಳಗ್ಗೆ ಬೇಗ ಹೊರಟರೂ ಊರು ಮುಟ್ಟುವಾಗ ಶ್ರೀರಾಮಪ್ಪನ ಮನೆಗೆ ಬೀಗ. ಎದುರು ಮನೆಯ ಮುದುಕಿ, "ಎಲ್ರೂ ಡೈರಿ ತಾವ ಅವ್ರೆ, ಅಲ್ಲೇ ಓಗಿ" ಎಂದಳು. ಹಾಲಿನ ಡೈರಿ ಎಂದರೆ ಒಂದೇ ಕೋಣೆ, ಮುಂದೆ ಶೀಟಿನ ಚಾವಣಿ. ಹೆಂಗಸರು ಕ್ಯಾನು, ಚೊಂಬು ಹಿಡಿದು ಸಾಲು ನಿಂತಿದ್ದರು. ಒಳಗೆ ಮೆಷಿನ್ನಿನ ಹಿಂದೆ ಕವಿತ ಇದ್ದಳು. ಒಬ್ಬೊಬ್ಬರ ಹಾಲಿನಿಂದ ಸ್ವಲ್ಪ ತೆಗೆದು ಪರೀಕ್ಷೆಗೆ ಇಡುವುದು, ಅಳೆಯುವುದು, ಚೀಟಿ ಹರಿದು ಕೊಡುವುದು. ನನ್ನನ್ನು ಕಂಡವಳು ಗಾಬರಿಯಾಗಿ ಎದ್ದು ನಿಂತು, ಸಾಲು ನೋಡಿ, ಮತ್ತೆ ಕೂತಳು. ಯಾರೋ ನನಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು.

ಶ್ರೀರಾಮಪ್ಪ ಹಾಲಿನ ಕ್ಯಾನು ಎತ್ತಿಡುತ್ತಿದ್ದರು. ನಾನು ಮನವಿ ಕೊಟ್ಟೆ. "ಕನ್ನಡಕ ತಂದಿಲ್ಲ ಸಾರ್, ಆಮೇಲೆ ನೋಡ್ತೀನಿ" ಎಂದು ಅದನ್ನು ಕ್ಯಾನಿನ ಮುಚ್ಚಳದ ಮೇಲಿಟ್ಟರು. ನಾಲ್ಕೂ ಪುಟ ಒದ್ದೆಯಾದವು. ಶಶಿರೇಖ ನನ್ನ ಗಂಟಲಿನ ಸಂಗತಿ ಮಾತ್ರ ಹೇಳಿ, ಒಬ್ಬ ಹೆಂಗಸಿನ ಕ್ಯಾನು ಹಿಡಿದುಕೊಂಡು ಸಾಲಿನಲ್ಲಿ ನಿಂತುಬಿಟ್ಟಳು. ಸಾಲು ಕರಗುವವರೆಗೆ ನಾನು ಕೂತೇ ಇದ್ದೆ. ಕಾಲ ಕಳೆಯಲು ಬೇರೆ ದಾರಿಯಿಲ್ಲದೆ ಅಲ್ಲಿ ಆಡುವ ಮಾತು ಕೇಳುತ್ತಿದ್ದೆ. ಅರ್ಧ ತೆಲುಗು, ಅರ್ಧ ಕನ್ನಡ. ಯಾರದೋ ಹಸು ಗಬ್ಬ ನಿಂತಿಲ್ಲ, ಯಾರದೋ ಸೊಸೆ ಬಾಣಂತನಕ್ಕೆ ಹೋಗಿದ್ದಾಳೆ. ಒಬ್ಬಳು ಫ್ಯಾಟು ಕಡಿಮೆ ಬಂತೆಂದು ಜಗಳಕ್ಕೆ ನಿಂತಳು. ಕವಿತ ಎದುರಾಡದೆ ಇನ್ನೊಮ್ಮೆ ಪರೀಕ್ಷೆ ಮಾಡಿ ತೋರಿಸಿದಳು. ಮೊದಲಿನಷ್ಟೇ ಬಂತು. ಆ ಹೆಂಗಸು, "ಆಗ್ಲಿ ಬಿಡು, ನಮ್ಮಸುವೇ ಮೋಸಗಾತಿ" ಎಂದು ಹೊರಟಳು.

ಮುನಿರತ್ನಮ್ಮ, ಅಂದರೆ ಕವಿತಳ ತಾಯಿ, ಕಾಫಿ ತಂದುಕೊಟ್ಟು ನನ್ನೆದುರು ನೆಲದ ಮೇಲೆ ಕೂತರು. "ಇದು ಎಂಗಸ್ರ ಡೈರಿ ಸಾರ್. ಇದ್ದ ಸೆಕ್ರೆಟ್ರಿ ಮದುವೆಯಾಗಿ ಮಾಲೂರಿಗೆ ಓದ್ಳು. ಮೆಷಿನ್ ಓಡ್ಸಾಕೆ ಯಾರಿಗೂ ಬರಲ್ಲ. ಮುಚ್ಚಿದ್ರೆ ಆಲು ಒತ್ಕೊಂಡು ಪಕ್ಕದೂರಿಗೆ ಓಗ್ಬೇಕು. ಎಲ್ರೂ ಸೇರಿ ನಮ್ಮುಡ್ಗೀನ ಸೆಕ್ರೆಟ್ರಿ ಮಾಡಿದ್ರು. ಅವ್ಳೂ ಒಪ್ಕೊಂಡ್ಳು."

ಮದುವೆ? ಎಂದು ಸ್ಲೇಟಿನ ಮೇಲೆ ಬರೆದೆ.

ಶ್ರೀರಾಮಪ್ಪ ಅದನ್ನು ಕನ್ನಡಕವಿಲ್ಲದೆಯೇ ಓದಿದರು. "ಯಾರ ಮದುವೆ ಸಾರ್? ಅವತ್ತು ಪೋನಲ್ಲೂ ಅದೇ ಅಂದ್ರಿ. ನನ್ಗೊಂದು ಮಾತು ಆಡಾಕೆ ಬಿಟ್ರಾ? ಅಪ್ಪನೇ ಅಲ್ಲ ಅಂದ್ಬುಟ್ರಿ. ಪಕ್ಕದಾಗೆ ನಮ್ಮ ಭಾವಮೈದ ಕೂತವ್ನೆ, ಕೇಳಿಸ್ಕೊಂತಾವ್ನೆ."

ಹಾಗಾದರೆ ಕಾಲೇಜು ಯಾಕೆ ಬಿಟ್ಟೆ ಎಂದು ಕವಿತಳಿಗೆ ಬರೆದು ತೋರಿಸಿದೆ. ಅವಳು ಕೈ ಒರೆಸಿಕೊಂಡು ಹೊರಗೆ ಬಂದಳು. ನೆಲ ನೋಡುತ್ತ ಹೇಳಿದಳು: "ನಾನು ಬಿಡ್ಲಿಲ್ಲ ಸಾರ್. ಇಲ್ಲಿ ಆಲು ಮುಗಿಯೋ ಒತ್ಗೆ ಮೊದಲ ಬಸ್ಸು ಓಗಿರ್ತದೆ. ಎರಡನೇ ಬಸ್ಸಿಗೆ ಬಂದ್ರೆ ನಿಮ್ಮ ಕ್ಲಾಸು ಮುಗಿದಿರ್ತದೆ. ನಿಮ್ಗೆ ಇದನ್ನ ಏಳೋಣ ಅಂತ ಮೂರು ದಿನ ಸ್ಟಾಫ್ ರೂಮಿಗೆ ಬಂದೆ. ಮೂರನೇ ದಿನ ಎಲ್ಲರ ಮುಂದೆ, ಬಂದರೆ ಹೊತ್ತಿಗೆ ಸರಿಯಾಗಿ ಬಾ, ಇಲ್ಲದಿದ್ದರೆ ಬರಲೇಬೇಡ ಅಂದ್ರಿ. ಬರಬೇಡ ಅಂದ್ರಲ್ಲ ಸಾರ್, ಅದಕ್ಕೇ ಬರ್ಲಿಲ್ಲ."

ಹಾಗಂದಿದ್ದೆನೇ? ಅಂದಿರಬೇಕು. ಎಲ್ಲರಿಗೂ ಹಾಗೇ ಅನ್ನುತ್ತೇನೆ. ಆದರೆ ಯಾರೂ ಅದನ್ನು ನಿಜವಾಗಿ ಪಾಲಿಸಿರಲಿಲ್ಲ.

ಬಾ ಎಂದು ಸ್ಲೇಟಿನ ತುಂಬ ದೊಡ್ಡದಾಗಿ ಬರೆದು ಹಿಡಿದೆ. ಶ್ರೀರಾಮಪ್ಪ ತಲೆ ಅಲ್ಲಾಡಿಸಿದರು. "ಬಾಯಲ್ಲಿ ಬೇಡ ಅಂದಿದ್ದು ನೀವು. ಸ್ಲೇಟಲ್ಲಿ ಬಾ ಅಂದ್ರೆ ಎಂಗೆ ಸಾರ್? ನಾಲ್ಕು ಜನದ ಮುಂದೆ ಅಂದಿದ್ದು, ನಾಲ್ಕು ಜನದ ಮುಂದೆ ಬಾಯಲ್ಲೇ ಅನ್ಬೇಕು." ನಾನು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಮುನಿರತ್ನಮ್ಮ ಎದ್ದು ನಿಂತು ಕೈ ಅಡ್ಡ ಹಿಡಿದರು. "ಬ್ಯಾಡಿ ಸಾರ್! ಗಂಟ್ಲು ಓದ್ರೆ ಆಮೇಲೆ ಮಕ್ಳಿಗೆ ಪಾಠ ಯಾರು ಮಾಡ್ತಾರೆ? ವಾಸಿಯಾದ್ಮೇಲೆ ಬಂದು ಅನ್ನಿ." ಗಂಡನ ಕಡೆ ತಿರುಗಿ, "ಏನ್ ಮನ್ಸನೋ ನೀನು" ಎಂದರು. ಆದರೆ ಶ್ರೀರಾಮಪ್ಪ ಪಟ್ಟು ಬಿಡಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಶಶಿರೇಖಳ ಬೆನ್ನ ಹಿಂದೆ ಕೂತು ಹೊಲ ನೋಡುತ್ತಿದ್ದೆ. ಕಣ್ಣು ಯಾಕೋ ಉರಿಯುತ್ತಿತ್ತು, ಗಾಳಿ ಇರಬೇಕು.

ಆಗಸ್ಟ್ 27, ಮಂಗಳವಾರ

ಅರ್ಚನ ಮೇಡಂ ಹತ್ತಿರ ಹೋಗಿ, ನನ್ನ ಮೊದಲ ಪೀರಿಯಡ್ ತೆಗೆದುಕೊಳ್ಳಿ, ನಿಮ್ಮ ಕೊನೆಯದು ನನಗೆ ಕೊಡಿ ಎಂದು ಬರೆದು ತೋರಿಸಿದೆ. ಅವರು ಎರಡು ಸಲ ಓದಿದರು. ಆಮೇಲೆ ಒಂದು ಕಿತ್ತಳೆ ಹಣ್ಣು ಸುಲಿದು ಅರ್ಧ ನನ್ನ ಮುಂದಿಟ್ಟರು.

ಪ್ರಿನ್ಸಿಪಾಲರು ಹಬ್ಬ ಕಳೆಯಲಿ ನೋಡೋಣ ಎಂದರು. ವಾದ ಮಾಡಲು ಆಗಲಿಲ್ಲ. ಸುಮ್ಮನೆ ಅವರ ಎದುರು ಕೂತೆ. ಕಟ್ಟಡದ ಸೋರಿಕೆ, ಅತಿಥಿ ಉಪನ್ಯಾಸಕರ ಕೊರತೆ, ತಮ್ಮ ಸಕ್ಕರೆ ಕಾಯಿಲೆ, ಎಲ್ಲ ಹೇಳಿಕೊಂಡರು. ಎದ್ದು ಹೊರಟಾಗ, "ಅದೇನೋ ವೇಳಾಪಟ್ಟಿ ಅಂದ್ರಲ್ಲ, ಕೊಡಿ ಇಲ್ಲಿ" ಎಂದು ಸಹಿ ಹಾಕಿದರು. ಸೋಮವಾರದಿಂದ ಜಾರಿ.

ಸೆಪ್ಟೆಂಬರ್ 2, ಸೋಮವಾರ

ಹೊಸ ವೇಳಾಪಟ್ಟಿಯನ್ನು ಕವಿತಳಿಗೆ ಕಳಿಸಿದ್ದೆ. ಕೊನೆಯ ಪೀರಿಯಡ್ಡಿಗೆ ಬರಬಹುದೆಂದು ಬಾಗಿಲು ತೆರೆದೇ ಇಟ್ಟೆ. ಬರಲಿಲ್ಲ.

ಸೆಪ್ಟೆಂಬರ್ 4, ಬುಧವಾರ

ಇವತ್ತೂ ಬರಲಿಲ್ಲ. ಸಂಜೆ ಸಂದೇಶ ಬಂತು: "ಅಪ್ಪ ಒಂದು ಮಾತು ಅಂದ್ರೆ ಅಂದ್ರು ಸಾರ್. ನೀವು ಬೇಜಾರು ಮಾಡ್ಕೋಬೇಡಿ. ಪುಸ್ತಕ ಓದ್ಕೊಂತಾ ಇದ್ದೀನಿ."

ಹಾಜರಿ ಲೆಕ್ಕ ನೋಡಿದೆ. ಈ ತಿಂಗಳ ನಡುವೆ ಬರಲು ಶುರು ಮಾಡಿದರೆ, ಮುಂದೆ ಒಂದು ದಿನವೂ ತಪ್ಪಿಸದಿದ್ದರೆ, ಸರಿಹೋಗುತ್ತದೆ. ಅದು ದಾಟಿದರೆ ಯಾರೂ ಏನೂ ಮಾಡಲಾಗದು. ಬಾ ಎಂದು ಒಂದು ಸಲ ಫೋನಿನಲ್ಲಿ ಉಸುರಿಬಿಡಲೇ ಎನ್ನಿಸಿತು. ಫೋನಿನಲ್ಲಿ ಆಡಿ ಕೆಡಿಸಿದ್ದು ಸಾಕು.

ಸೆಪ್ಟೆಂಬರ್ 6, ಶುಕ್ರವಾರ

ಗೌರಿ ಹಬ್ಬ. ಆರುಮುಗಂ ಮನೆಗೆ ಬಂದಿದ್ದರು, ಶಶಿರೇಖಳ ರವಿಕೆ ತಂದುಕೊಟ್ಟರು. ರೈಲಿನಲ್ಲಿ ಅವರು ಅರ್ಧಕ್ಕೆ ನಿಲ್ಲಿಸಿದ್ದ ಕಥೆ, ಅವರ ತಾಯಿ ಗಣಿ ಆಸ್ಪತ್ರೆಯ ಬಟ್ಟೆ ಹೊಲಿಯುತ್ತಿದ್ದದ್ದು, ಪೂರ್ತಿಯಾಗಲೆಂದು ನಾನೇ ಕೂರಿಸಿಕೊಂಡೆ. ಈ ಹೊಲಿಗೆಯ ಕೈ ಅಮ್ಮನದಂತೆ. ಶಶಿರೇಖ ಕೋಸಂಬರಿ ಕೊಟ್ಟಳು.

ಸೆಪ್ಟೆಂಬರ್ 12, ಗುರುವಾರ

ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ ಹೋಗಿ ಕೂತೆ. ಕ್ಯಾಮೆರಾ ಬಿಟ್ಟು ನೋಡಿದರು. ಒಂದು ಗಂಟು ಕಾಣುತ್ತಿಲ್ಲ, ಇನ್ನೊಂದು ಬಹಳ ಸಣ್ಣದಾಗಿದೆ. "ನಿಮ್ಮಂಥವರು ಪಥ್ಯ ಮಾಡಲ್ಲ ಅಂದ್ಕೊಂಡಿದ್ದೆ" ಎಂದರು. ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು, ಮೆಲ್ಲಗೆ, ಕೂಗಬಾರದು. ಮೊದಲಿನ ಕಂಠ ಪೂರ್ತಿ ಬರುತ್ತದೆಂದು ನಂಬಿಕೊಂಡಿರಬೇಡಿ, ಆದರೆ ಪಾಠ ಮಾಡುತ್ತೀರಿ ಎಂದರು.

ಪಾಠ ಮಾಡುತ್ತೀರಿ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಶಶಿರೇಖ ಬೆನ್ನು ಸವರುತ್ತ, "ಈಗ ಮಾತಾಡಿ, ಏನಾದ್ರೂ ಹೇಳಿ" ಎಂದಳು. ನಾನು ತಲೆ ಅಲ್ಲಾಡಿಸಿ ಸ್ಕೂಟರ್ ತೋರಿಸಿದೆ. "ಕಟ್ಟಿಕೊಂಡವಳಿಗಿಂತ ಮೊದಲು ಡೈರಿಯವರಿಗಾ?" ಎಂದಳು. ಆದರೆ ಗಾಡಿ ತಿರುಗಿಸಿದ್ದು ಕಾಮಸಮುದ್ರದ ಕಡೆಗೇ.

ಸಂಜೆಯ ಹಾಲಿನ ಹೊತ್ತು. ಸಾಲು ನಿಂತಿತ್ತು. ನಾನು ಕುರ್ಚಿಯಲ್ಲಿ ಕೂರಲಿಲ್ಲ. ಶ್ರೀರಾಮಪ್ಪನ ಎದುರು ನಿಂತು, "ನಾನು ಆಡಿದ್ದು ತಪ್ಪು ಮಾತು, ಶ್ರೀರಾಮಪ್ಪನವರೇ" ಎಂದೆ. ಯಾರದೋ ಧ್ವನಿ ಬಂದಂತಿತ್ತು, ಒಡಕು. ಮೆಷಿನ್ನಿನ ಕಡೆ ತಿರುಗಿ, "ಕವಿತಾ, ಕಾಲೇಜಿಗೆ ಬಾಮ್ಮ" ಎಂದೆ. ಶ್ರೀರಾಮಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, "ಇಷ್ಟು ಮೆತ್ತಗೆ ಮಾತಾಡಾಕೂ ಬತ್ತದಾ ಸಾರ್ ನಿಮ್ಗೆ" ಎಂದರು. ಎಲ್ಲರೂ ನಕ್ಕರು, ಕವಿತಳೂ ನಕ್ಕಳು. ಆಮೇಲೆ ಶ್ರೀರಾಮಪ್ಪ ತಮ್ಮ ಹಸುಗಳನ್ನು ತೋರಿಸಲು ಕರೆದೊಯ್ದು ಒಂದೊಂದರ ಚರಿತ್ರೆಯನ್ನೂ ಹೇಳಿದರು. ಕಪ್ಪು ಹಸುವಿನದು ದೊಡ್ಡ ಕಥೆ.

ಮನೆಗೆ ಬಂದಾಗ ಕತ್ತಲಾಗಿತ್ತು. ಬಾಗಿಲಲ್ಲಿ "ಶಶೀ" ಎಂದೆ. ಅವಳು ಬೀಗ ತೆಗೆಯುವುದನ್ನು ಬಿಟ್ಟು ಹಾಗೇ ನಿಂತಳು.

ಸೆಪ್ಟೆಂಬರ್ 18, ಬುಧವಾರ

ಕವಿತ ಸೋಮವಾರದಿಂದ ಬರುತ್ತಿದ್ದಾಳೆ. ಎರಡನೇ ಬಸ್ಸಿಗೆ ಬಂದರೂ ಹೊತ್ತು ಬೇಕಾದಷ್ಟು ಉಳಿಯುತ್ತದೆ. ಕ್ಲಾಸು ಮುಗಿಸಿ ಬಸ್ಸು ಹಿಡಿದರೆ ಸಂಜೆಯ ಹಾಲಿನ ಹೊತ್ತಿಗೂ ಊರು ಮುಟ್ಟುತ್ತಾಳಂತೆ. ಹಾಲಿನ ವಾಸನೆ ಬರುತ್ತದೆಂದು ಪಕ್ಕದವಳು ಗೇಲಿ ಮಾಡಿದ್ದಕ್ಕೆ, "ನಿಮ್ಮನೇಲಿ ಕಾಫಿಗೆ ಏನ್ ಆಕ್ಕೊಂತೀರಾ?" ಎಂದು ಕೇಳಿದಳಂತೆ.

ಇವತ್ತು ನನ್ನ ಹತ್ತು ನಿಮಿಷವನ್ನು ತರಗತಿಗೇ ಇಟ್ಟುಕೊಂಡಿದ್ದೆ. ಲಿಗಾಯಾ ದುಮ್ಲಾವೊ ಆ ನಿಯಮ ಯಾಕೆ ಮಾಡಿದರು ಎಂದು ಹೇಳಿದೆ. ಗಣಿ ಮುಚ್ಚಿದ ಹೊಸತರಲ್ಲಿ ಕಾರ್ಮಿಕರ ವಿಧವೆಯರು ಅವರನ್ನು ನೋಡಲು ಬಂದಿದ್ದರಂತೆ. ಇವರು ಪಿಂಚಣಿ ನಿಯಮಗಳನ್ನೆಲ್ಲ ಚೆನ್ನಾಗಿ ವಿವರಿಸಿದರು. ಎಲ್ಲ ಮುಗಿದ ಮೇಲೆ ಒಬ್ಬ ಮುದುಕಿ, ನಾವು ಬಂದದ್ದು ಪಿಂಚಣಿಗಲ್ಲ, ಗಣಿಯ ಸೈರನ್ ನಿಂತುಹೋದ ಮೇಲೆ ಮಕ್ಕಳು ಹೊತ್ತಿಗೆ ಏಳುತ್ತಿಲ್ಲ, ಶಾಲೆ ತಪ್ಪುತ್ತಿದೆ, ಸೈರನ್ ಒಂದನ್ನು ಮತ್ತೆ ಕೂಗಿಸುತ್ತೀರಾ ಎಂದು ಕೇಳಲು ಬಂದೆವು ಎಂದಳಂತೆ. ಅಂದಿನಿಂದ ಆ ನಿಯಮ.

ಹೇಳಿ ನಿಲ್ಲಿಸಿದೆ. ಪ್ರತಿವರ್ಷ ಇಲ್ಲಿಗೆ ಚಪ್ಪಾಳೆ ಬೀಳುತ್ತದೆ. ಈ ಸಲ ಕವಿತ ಕೈ ಎತ್ತಿದಳು.

"ಆಮೇಲೆ ಸೈರನ್ ಕೂಗಿಸಿದ್ರಾ ಸಾರ್?"

"ಏನಮ್ಮ?"

"ಒಂದು ಗಂಟೆ ಸುಮ್ನೆ ಕೂತು ಕೇಳಿದ್ರು, ಸರಿ. ಆ ಅಜ್ಜಿ ಕೇಳಿದ್ದು ಸೈರನ್ ಅಲ್ವಾ? ಅದು ಕೂಗ್ತಾ?"

ಈ ಕಥೆಯನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ. ಯಾರೂ ಕೇಳಿರಲಿಲ್ಲ, ನಾನೂ ನೋಡಿರಲಿಲ್ಲ. "ಗೊತ್ತಿಲ್ಲ" ಎಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದರಲ್ಲೇನಿದೆಯೋ ಕಾಣೆ. ಬಾಲಾಜಿ, ಕೂಗಿಸಿರಲ್ಲ ಸಾರ್, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಎಂದ. ಉರಿಗಾಂನ ನವ್ಯ, ತನ್ನ ತಾತ ಈಗಲೂ ಸೈರನ್ನಿನ ಹೊತ್ತಿಗೇ ಎದ್ದು ಕೂರುತ್ತಾರೆ, ನಮ್ಮೂರಲ್ಲಿ ಯಾರೂ ಅದನ್ನು ಮತ್ತೆ ಕೂಗಿಸಿ ಎಂದು ಕೇಳಲಿಲ್ಲವಲ್ಲ ಎಂದಳು. ಮಾತು ಎಲ್ಲಿಂದೆಲ್ಲಿಗೋ ಹೋಯಿತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಪುಸ್ತಕವನ್ನು ಕವಿತಳ ಕೈಗೆ ಕೊಟ್ಟೆ. ಇಂಗ್ಲಿಷ್ ಕಷ್ಟ ಸಾರ್, ಆದರೂ ಹುಡುಕಿ ಹೇಳ್ತೀನಿ ಎಂದಳು. ಸೋಮವಾರದ ತರಗತಿ ಅವಳದು. ನಾನು ಹಿಂದಿನ ಬೆಂಚಿನಲ್ಲಿ ಬಾಲಾಜಿಯ ಪಕ್ಕ ಕೂರುತ್ತೇನೆ.

ಇವತ್ತಿನ ಹತ್ತು ನಿಮಿಷ ಪೂರ್ತಿ ಖರ್ಚಾಗಿಲ್ಲ ಎನ್ನುವುದು ಮನೆಗೆ ಬಂದ ಮೇಲೆ ನೆನಪಾಯಿತು. ಶಶಿರೇಖಳಿಗೆ ಹೇಳಿದೆ. "ಹಾಗಾದ್ರೆ ಮಿಕ್ಕಿದ್ದು ನನ್ನದು" ಎಂದಳು. ನಿನ್ನ ಫ್ಯಾಕ್ಟರಿ ಸ್ಟೋರಿನಲ್ಲಿ ಇವತ್ತು ಏನಾಯಿತು ಎಂದು ಕೇಳಿದೆ. ಅಡುಗೆಮನೆಯಿಂದ ಹೇಳುತ್ತಿದ್ದಾಳೆ. ಹೊಸ ಮ್ಯಾನೇಜರ್ ಬಂದಿದ್ದಾನಂತೆ, ಅವನ ಜೊತೆ ಇವಳಿಗೆ ದೊಡ್ಡ ಜಗಳವೇ ನಡೆದಿದೆಯಂತೆ. ಬರೆಯುತ್ತ ಕೂತರೆ ಅರ್ಧ ಮಾತು ಕಿವಿಗೇ ಬೀಳುತ್ತಿಲ್ಲ. ಇಲ್ಲಿಗೆ ಸಾಕು, ಒಳಗೆ ಹೋಗುತ್ತೇನೆ.